ಮರ ಹತ್ತುವ ಕೆಲಸ ಗೊತ್ತು, ಮುಂದೆ ಯಾವ ತರಬೇತಿ? ಅನುಭವ ಇದ್ದವರು ಹೇಳಿ

ಪ್ರಶ್ನೆ:
ನಮಸ್ಕಾರ. ಹಗ್ಗ ಕಟ್ಟಿಕೊಂಡು ಮರ ಹತ್ತುವುದು, ಕೊಂಬೆ ಸವರುವುದು, ಚೈನ್ ಸಾ ಹಿಡಿಯುವುದು ನನ್ನ ಕೆಲಸ. ಈಗ ಮಾಲೀಕರು ಎರಡು ದಾರಿ ಮುಂದಿಟ್ಟಿದ್ದಾರೆ. ಒಂದು, ತಂಡದ ಮೇಲ್ವಿಚಾರಕನಾಗುವ ತರಬೇತಿ. ಇನ್ನೊಂದು, ಮರದ ಆರೋಗ್ಯ ಮತ್ತು ಅಪಾಯ ತಪಾಸಣೆ ಮಾಡುವ ತಜ್ಞನ ತರಬೇತಿ. ಖರ್ಚು ಅವರದು, ಆಯ್ಕೆ ನನ್ನದು. ಯಾವುದಕ್ಕೆ ಹೋಗಲಿ? ಕೋರ್ಸ್ ಒಳ್ಳೆಯದೋ ಅಲ್ಲವೋ ಅಂತ ಸೇರುವ ಮೊದಲೇ ತಿಳಿಯುವುದು ಹೇಗೆ?

ತಂಡ ನಡೆಸುವವರೊಬ್ಬರು:
ಎಲ್ಲರಿಗಿಂತ ಚೆನ್ನಾಗಿ ಹತ್ತುವವನನ್ನೇ ಮೇಲ್ವಿಚಾರಕ ಮಾಡುವುದು ಎಷ್ಟೋ ಕಡೆ ರೂಢಿ. ಆದರೆ ಅವನನ್ನು ಕೆಳಗೆ ನಿಲ್ಲಿಸಿದರೆ ಕೈ ಸುಮ್ಮನಿರುವುದಿಲ್ಲ. ಕೊಂಬೆ ಎಳೆಯಲು ಹೋಗುತ್ತಾನೆ, ಚಿಪ್ಪರ್ (ಕೊಂಬೆ ಚೂರು ಮಾಡುವ ಯಂತ್ರ) ಹತ್ತಿರ ನಿಲ್ಲುತ್ತಾನೆ. ಅಷ್ಟರಲ್ಲಿ ಕೊಂಬೆ ಬೀಳುವ ಜಾಗಕ್ಕೆ ಯಾರೋ ಕಾಲಿಟ್ಟಿರುತ್ತಾರೆ, ನೋಡುವವರು ಯಾರೂ ಇರುವುದಿಲ್ಲ. ಒಳ್ಳೆಯ ತರಬೇತಿ ಮೊದಲು ಬಿಡಿಸುವುದು ಈ ಅಭ್ಯಾಸವನ್ನು.

ನಮಗೆ ಜಾಸ್ತಿ ಹೊತ್ತು ಹಿಡಿದ ಪಾಠ ತೂಕದ್ದು. ಅರ್ಧ ಮೀಟರ್ ದಪ್ಪ, ಒಂದು ಮೀಟರ್ ಉದ್ದದ ತುಂಡು ತೆಗೆದುಕೊಳ್ಳಿ. ಹಸಿ ಗಟ್ಟಿಮರ ಘನ ಮೀಟರಿಗೆ ಸುಮಾರು 1000 ಕೆ.ಜಿ. ಅಂತ ಹಿಡಿದರೆ ಆ ತುಂಡು ಸುಮಾರು 200 ಕೆ.ಜಿ. ತೂಗುತ್ತದೆ. ಉದ್ದ ಅಷ್ಟೇ ಇದ್ದು ದಪ್ಪ ಎರಡರಷ್ಟಾದರೆ ತೂಕ ನಾಲ್ಕು ಪಟ್ಟು. ರಾಟೆ ಹಾಕಿ ಇಳಿಸುವಾಗ ಹಗ್ಗ ಎರಡೂ ಕಡೆಯಿಂದ ಜಗ್ಗುತ್ತದೆ, ಹಾಗಾಗಿ ರಾಟೆ ಕಟ್ಟಿದ ಜಾಗಕ್ಕೆ ಹೆಚ್ಚುಕಡಿಮೆ ಎರಡರಷ್ಟು ಭಾರ. ತುಂಡು ಒಂದಿಷ್ಟು ಬಿದ್ದು ಆಮೇಲೆ ಹಗ್ಗ ಬಿಗಿಯಾದರೆ ಇನ್ನೂ ಹಲವು ಪಟ್ಟು. ರಾಟೆ ಇರುವುದು ಅದೇ ಮರದಲ್ಲಿ, ಹತ್ತಿದವನು ಇರುವುದೂ ಅದೇ ಮರದಲ್ಲಿ. ಈ ಲೆಕ್ಕವನ್ನು ಮರದ ಬುಡದಲ್ಲಿ ನಿಂತು ಬಾಯಲ್ಲೇ ಹಾಕುವಷ್ಟು ರೂಢಿ ಮಾಡಿಸುವ ಕೋರ್ಸ್ ಆಗಬೇಕು.

ಇನ್ನೊಂದು, ಮೇಲಿನಿಂದ ಜನರನ್ನು ಇಳಿಸುವ ಅಭ್ಯಾಸ. ಪ್ರಜ್ಞೆ ತಪ್ಪಿ, ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ ಅಂದರೆ ಹಾರ್ನೆಸ್‌ನಲ್ಲಿ ನೇತಾಡುವವನ ಜೀವಕ್ಕೆ ಬೇಗನೆ ಕುತ್ತು ಬರುತ್ತದೆ. ಇನ್ನೊಬ್ಬ ಹತ್ತುವವನು ಸಲಕರಣೆ ಸಮೇತ ಕೆಳಗೆ ಸಿದ್ಧ ಇರಲೇಬೇಕು. ಇದನ್ನು ಚಿತ್ರ ತೋರಿಸಿ ಕಲಿಸಿದರೆ ಏನೂ ಆಗದು, ಮನುಷ್ಯನಷ್ಟೇ ತೂಕದ ಗೊಂಬೆ ಕಟ್ಟಿ ಇಳಿಸಬೇಕು. ಕೂಗುವುದಕ್ಕೂ ಕ್ರಮ ಇದೆ. ಮೇಲಿನವನು ಎಚ್ಚರಿಸಬೇಕು, ಕೆಳಗಿನವನು ಜಾಗ ಖಾಲಿ ಅಂತ ಉತ್ತರ ಕೊಡಬೇಕು, ಆಮೇಲೆ ಮಾತ್ರ ಕೊಯ್ತ. ಉತ್ತರ ಬರಲಿಲ್ಲ ಅಂದರೆ ಗರಗಸ ಆಡಬಾರದು.

ಮರ ತಪಾಸಣೆ ಮಾಡುವವರೊಬ್ಬರು:
ನಾನು ತಜ್ಞರ ದಾರಿ ಹಿಡಿದವಳು. ಆ ದಾರಿ ಹೇಗಿರುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕಲಿಯುವುದು ಮರ ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತದೆ ಅನ್ನುವುದನ್ನು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಗೋಡೆ ಹಾಕಿ ಅದನ್ನು ಅಲ್ಲೇ ತಡೆಯುತ್ತದೆ, ಹೊರಗಡೆ ಹೊಸ ಪದರ ಬೆಳೆಸುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಇದನ್ನು ನಾಲ್ಕು ಗೋಡೆಗಳ ಮಾದರಿಯಾಗಿ ವಿವರಿಸಿದರು. ಕೊಳೆತ ಮೇಲೆ ಕೆಳಗೆ ಹರಡುವುದನ್ನು ತಡೆಯುವ ಗೋಡೆ ಎಲ್ಲಕ್ಕಿಂತ ದುರ್ಬಲ. ಗಾಯ ಆದ ಮೇಲೆ ಬೆಳೆಯುವ ಹೊಸ ಪದರದ ಗಡಿಯೇ ಎಲ್ಲಕ್ಕಿಂತ ಗಟ್ಟಿ. ಇದು ತಲೆಗೆ ಹೋದ ಮೇಲೆ ಕೊಂಬೆ ಕೊಯ್ಯುವ ರೀತಿಯೇ ಬದಲಾಗುತ್ತದೆ. ಕೊಂಬೆಯ ಬುಡದ ಉಬ್ಬನ್ನು ಬಿಟ್ಟು ಅದರ ಪಕ್ಕದಲ್ಲೇ ಕೊಯ್ಯಬೇಕು. ಕಾಂಡಕ್ಕೆ ಸವರಿ ಕೊಯ್ದರೂ ಕೇಡು, ಮೋಟು ಉಳಿಸಿದರೂ ಕೇಡು. ಗಾಯಕ್ಕೆ ಬಣ್ಣ ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ. ಮರದ ನೆತ್ತಿ ಕಡಿಯುವ ಕೆಲಸವನ್ನು ಯಾರೇ ಕೇಳಿದರೂ ಯಾಕೆ ಬೇಡ ಅಂತ ವಿವರಿಸಿ ಹೇಳಲು ಬರುತ್ತದೆ.

ಆಮೇಲೆ ನೋಡುವ ಅಭ್ಯಾಸ. ಯಂತ್ರ ಮುಟ್ಟುವ ಮೊದಲು ನಾನು ಬುಡದ ಸುತ್ತ ಒಂದು ಸುತ್ತು ಬರುತ್ತೇನೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಗೇಣು ಗೇಣಿಗೂ ತಟ್ಟುತ್ತೇನೆ. ಗಟ್ಟಿ ಕಡೆ ಸದ್ದು ಚುರುಕು, ಪೊಳ್ಳು ಕಡೆ ಡಬಡಬ. ಸದ್ದು ಬದಲಾದಲ್ಲಿ ಬೇರಿನ ಸಂದಿಗೆ ತೆಳು ಕಂಬಿ ತಳ್ಳಿ ಎಷ್ಟು ಒಳಗೆ ಹೋಗುತ್ತದೆ ಅಂತ ನೋಡುತ್ತೇನೆ. ಬುಡದಲ್ಲಿ ಸುಟ್ಟ ಇದ್ದಿಲಿನ ಹಾಗೆ ಕಪ್ಪು ಪದರ ಕಂಡರೆ ಎಚ್ಚರ. ಅದು ಕ್ರೆಟ್ಸ್‌ಮೇರಿಯಾ ಡ್ಯೂಸ್ಟಾ ಎಂಬ ಶಿಲೀಂಧ್ರ ಇರಬಹುದು. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ಬುಡದ ಮರ ಮಾತ್ರ ಪೆಡಸಾಗಿ ಒಂದು ದಿನ ಪಟ್ ಅಂತ ಮುರಿಯುತ್ತದೆ. ಶಬ್ದದ ಅಲೆ ಕಳಿಸಿ ಕಾಂಡದ ಒಳಗಿನ ಚಿತ್ರ ತೋರಿಸುವ ಯಂತ್ರಕ್ಕೂ ಈ ಕೊಳೆತ ಮೊದಮೊದಲು ಸಿಗದೆ ಹೋಗಬಹುದು. ಅದಕ್ಕೇ ಕಣ್ಣು ಕಿವಿ ಮೊದಲು, ಯಂತ್ರ ಆಮೇಲೆ.

ತಜ್ಞರ ಕೆಲಸದ ತಿರುಳು ಅಂದರೆ ತೀರ್ಮಾನ. ಮರ ಮುರಿಯುವ ಸಾಧ್ಯತೆ ಎಷ್ಟು, ಮುರಿದರೆ ಜನಕ್ಕೋ ಕಟ್ಟಡಕ್ಕೋ ತಾಗುವ ಸಾಧ್ಯತೆ ಎಷ್ಟು, ತಾಗಿದರೆ ಆಗುವ ಹಾನಿ ಎಷ್ಟು, ಈ ಮೂರನ್ನೂ ಸೇರಿಸಿ ನೋಡಬೇಕು. ಒಂದೇ ಥರದ ಬಿರುಕು ಯಾರೂ ಸುಳಿಯದ ಬಯಲಲ್ಲಿದ್ದರೆ ಒಂದು, ಜನ ದಿನವೂ ಕೂರುವ ಬೆಂಚಿನ ಮೇಲೆ ಚಾಚಿದ ಕೊಂಬೆಯಲ್ಲಿ ಇದ್ದರೆ ಇನ್ನೊಂದು. ಬೆಂಚನ್ನೇ ಸರಿಸಿದರೆ ಮರ ಉಳಿಯುತ್ತದೆ ಅಲ್ವಾ? ಕಡಿಯಬೇಡಿ ಅಂತ ಕಾರಣ ಸಮೇತ ಬರೆದು ಸಹಿ ಹಾಕಲು ಬಂದರೆ ತರಬೇತಿ ಕೈಹಿಡಿಯಿತು ಅಂತಲೇ ನನ್ನ ಲೆಕ್ಕ. ವರದಿಯಲ್ಲಿ ‘ಮರ ಅಪಾಯಕಾರಿಯಾಗಿದೆ’ ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ‘ದಾರಿ ಕಡೆಯ ಮೊದಲ ಕವಲಿನಲ್ಲಿ ತೊಗಟೆ ಒಳಸೇರಿದೆ, ಬಿರುಕು ಬಿಟ್ಟಿದೆ, ಆ ಕೊಂಬೆಯ ಭಾರ ಇಳಿಸಬೇಕು, ಬರುವ ವರ್ಷ ಮತ್ತೆ ನೋಡಬೇಕು’ ಅಂತ ಬರೆದರೆ ತಂಡಕ್ಕೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

ಇನ್ನೊಬ್ಬರು:
ಪ್ರಮಾಣಪತ್ರದ ಬಗ್ಗೆ ಚುಟುಕಾಗಿ. ಯುರೋಪಿನಲ್ಲಿ ಯುರೋಪಿಯನ್ ಟ್ರೀ ವರ್ಕರ್ ಅಂದರೆ ಹತ್ತಿ ಕೆಲಸ ಮಾಡುವವರಿಗೆ, ಯುರೋಪಿಯನ್ ಟ್ರೀ ಟೆಕ್ನಿಷಿಯನ್ ಅಂದರೆ ಅದರ ಮೇಲಿನ ಹಂತ. ಎರಡನೆಯದರಲ್ಲಿ ತಪಾಸಣೆ, ಯೋಜನೆ, ಕೆಲಸದ ಉಸ್ತುವಾರಿ ಎಲ್ಲ ಬರುತ್ತದೆ. ಜರ್ಮನಿಯಲ್ಲಿ ಮರ ಆರೈಕೆಯ ‘ಫಾಖ್‌ಅಗ್ರಾರ್‌ವಿರ್ಟ್’ ಎಂಬ ಉನ್ನತ ವೃತ್ತಿ ಅರ್ಹತೆ ಇದೆ. 1924ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬೊರಿಕಲ್ಚರ್ (ಮರ ಆರೈಕೆ ವೃತ್ತಿಯವರ ಸಂಘ) ಕೊಡುವ ಸರ್ಟಿಫೈಡ್ ಆರ್ಬರಿಸ್ಟ್ ಪರೀಕ್ಷೆಗೆ ಮೂರು ವರ್ಷದ ಪೂರ್ಣಾವಧಿ ಅನುಭವ, ಇಲ್ಲವೇ ಅದಕ್ಕೆ ಸಮನಾದ ಓದು ಮತ್ತು ಅನುಭವ ಬೇಕು. ಅಪಾಯ ಅಳೆಯುವುದಕ್ಕೆ ಅವರದೇ ಬೇರೆ ಅರ್ಹತೆ ಇದೆ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ನೀವು ಕೆಲಸ ಮಾಡುವ ಕಡೆ ಯಾವುದಕ್ಕೆ ಮಾನ್ಯತೆ ಇದೆ ಅಂತ ಮೊದಲೇ ವಿಚಾರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನಸ್ಸು ತಪಾಸಣೆ ಕಡೆ ಎಳೆಯುತ್ತಿದೆ. ಆದರೆ ನಾನು ಶಾಲೆ ಬೇಗ ಬಿಟ್ಟವನು. ಲ್ಯಾಟಿನ್ ಹೆಸರು, ಸಸ್ಯದ ಒಳರಚನೆ ಅಂದರೆ ಭಯ. ದಾಟಬಹುದಾ?

ತರಬೇತಿ ಕೊಡುವವರೊಬ್ಬರು:
ಖಂಡಿತ ದಾಟಬಹುದು. ಎಷ್ಟೋ ವರ್ಷ ಮರದ ಮೇಲೆ ಇದ್ದವರಿಗೆ ಅರ್ಧ ಪಾಠ ಕೈಯಲ್ಲೇ ಇರುತ್ತದೆ. ಯಾವ ಕವಲು ಭಾರ ತಡೆಯುತ್ತದೆ, ಯಾವುದು ಕಿರಗುಟ್ಟುತ್ತದೆ ಅಂತ ನಿಮಗೆ ಈಗಲೇ ಗೊತ್ತು. ಒಂದು ಕೆಲಸ ಮಾಡಿ. ಕೆಡವಿದ ಮರದಲ್ಲಿ ಹಳೆಯ ಕೊಯ್ತ ಇರುವ ಎರಡು ತುಂಡು ಆರಿಸಿ. ಒಂದರಲ್ಲಿ ಮೋಟು ಉಳಿದಿರಲಿ, ಇನ್ನೊಂದರಲ್ಲಿ ಉಬ್ಬಿನ ಪಕ್ಕ ಸರಿಯಾಗಿ ಕೊಯ್ದಿರಲಿ. ಎರಡನ್ನೂ ಉದ್ದಕ್ಕೆ ಸೀಳಿಸಿ ನೋಡಿ. ಕಂದು ಬಣ್ಣ ಎಲ್ಲಿಯವರೆಗೆ ಇಳಿದಿದೆ, ಎಲ್ಲಿ ಗೆರೆ ಎಳೆದಂತೆ ನಿಂತಿದೆ ಅಂತ ಕಣ್ಣಿಗೇ ಕಾಣುತ್ತದೆ. ಆಮೇಲೆ ಪುಸ್ತಕದ ಚಿತ್ರ ತಾನಾಗಿ ಅರ್ಥವಾಗುತ್ತದೆ. ಹೆಸರುಗಳನ್ನು ದಿನ ಸವರುವ ಮರಗಳಿಂದಲೇ ಶುರು ಮಾಡಿ. ಕಷ್ಟ ಆಗುವುದು ಬರವಣಿಗೆ. ಇವತ್ತಿನಿಂದಲೇ ಹತ್ತಿದ ಪ್ರತಿ ಮರದ ಬಗ್ಗೆ ನಾಲ್ಕು ಸಾಲು ಬರೆಯಿರಿ: ಏನು ಕಂಡೆ, ಏನು ಮಾಡಿದೆ, ಯಾಕೆ ಮಾಡಿದೆ.

ಸಂಸ್ಥೆ ನಡೆಸುವವರೊಬ್ಬರು:
ನನ್ನ ಜನರನ್ನು ಎರಡೂ ಬಗೆಯ ತರಬೇತಿಗೆ ಕಳಿಸಿದ್ದೇನೆ. ಜನರ ಜೊತೆ ತಾಳ್ಮೆ ಇದ್ದವರು ಮೇಲ್ವಿಚಾರಣೆಯಲ್ಲಿ ಬೆಳೆದರು. ಊಟದ ಹೊತ್ತಿನಲ್ಲೂ ಬುಡ ಕೆದಕಿ ನೋಡುತ್ತಿದ್ದವರು ತಪಾಸಣೆಗೆ ಹೋದರು. ನೀವು ಯಾವ ಕಡೆ ಅಂತ ಜೊತೆಯವರನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ.

ಕೋರ್ಸ್ ಆರಿಸುವಾಗ ಕಲಿಸುವವರು ಈಗಲೂ ಮರದ ಹತ್ತಿರ ಕೆಲಸ ಮಾಡುತ್ತಾರಾ ಅಂತ ಕೇಳಿ. ತರಗತಿ ಎಷ್ಟು, ಮರದ ಬುಡದಲ್ಲಿ ಎಷ್ಟು ಅಂತ ಕೇಳಿ. ಮೇಲ್ವಿಚಾರಕರ ಕೋರ್ಸ್‌ನಲ್ಲಿ ಬೇರಿನ ಪಾಠ ಇದೆಯಾ ನೋಡಿ, ಏಕೆಂದರೆ ಬೇರು ಹೆಚ್ಚಾಗಿ ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತದೆ. ಬೇರಿಗೆ ಪೆಟ್ಟಾಗದ ಹಾಗೆ ಭಾರದ ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವವರು ಮೇಲ್ವಿಚಾರಕರೇ. ಹೆಸರು ಅಳಿಸಿದ ಹಳೆಯ ವಿದ್ಯಾರ್ಥಿಯ ತಪಾಸಣೆ ವರದಿ ಒಂದನ್ನು ತೋರಿಸಿ ಅಂತ ಕೇಳಿ. ತಿದ್ದುಪಡಿ ತುಂಬಿದ್ದರೆ ಒಳ್ಳೆಯದು, ಅಲ್ಲಿ ಓದುವವರಿದ್ದಾರೆ ಅಂತ ಅರ್ಥ. ಕೊನೆಗೆ, ಕೋರ್ಸ್ ಮುಗಿದ ಮೇಲೆ ತಪಾಸಣೆಗೆ ಅಂತಲೇ ವಾರದಲ್ಲಿ ಸಮಯ ಬಿಡಬೇಕು ಅಂತ ಮಾಲೀಕರ ಹತ್ತಿರ ಈಗಲೇ ಮಾತಾಡಿಕೊಳ್ಳಿ. ಕಲಿತು ಬಂದವರನ್ನು ಮತ್ತೆ ಬರೀ ಹತ್ತಲು ಕಳಿಸಿದರೆ ಒಂದು ವರ್ಷದಲ್ಲಿ ಎಲ್ಲ ಮರೆತುಹೋಗುತ್ತದೆ.