ಸೈನಿಕ ಶಾಲೆ ಎಂಟ್ರೆನ್ಸ್: ಮಿಸ್ಸಿಂಗ್ ನಂಬರ್ ಹೇಗೆ ಹೇಳ್ಕೊಡೋದು?

ಪ್ರಶ್ನೆ: ಮಗಳು ಆರನೇ ಕ್ಲಾಸಿಗೆ ಸೈನಿಕ ಶಾಲೆ ಎಂಟ್ರೆನ್ಸ್ ಬರೀತಾಳೆ, ಲೆಕ್ಕ ಪರವಾಗಿಲ್ಲ, ಆದ್ರೆ ಇಂಟೆಲಿಜೆನ್ಸ್ ಭಾಗದಲ್ಲಿ ಈ ಮಿಸ್ಸಿಂಗ್ ನಂಬರ್ ಬಂದ್ರೆ ಪೆನ್ಸಿಲ್ ಕಚ್ಕೊಂಡು ಕೂತ್ಬಿಡ್ತಾಳೆ. 7, 20, 9, 17, 11, 14, ? ಇದು ನಂಗೂ ಹೊಳೀಲಿಲ್ಲ, ಯಾರಾದ್ರೂ ಹೇಳಿ ಪ್ಲೀಸ್.

ಉತ್ತರ: ಒಂದ್ಸಲ ಏರಿ ಒಂದ್ಸಲ ಇಳಿದ್ರೆ ಎರಡು ಸರಣಿ ಸೇರಿಸಿದಾರೆ ಅಂತ ಅನುಮಾನ ಪಡಿ ಮೇಡಂ. ಒಂದು ಬಿಟ್ಟು ಒಂದು ಓದಿ. 7, 9, 11. ಇನ್ನೊಂದು 20, 17, 14. ಪ್ರಶ್ನೆ ಚಿಹ್ನೆ ಇರೋದು ಮೊದಲ್ನೇ ಸರಣೀಲಿ, ಹಂಗಾಗಿ ಉತ್ತರ 13.

ಉತ್ತರ: ಬರೀ ಏರ್ತಾ ಹೋದ್ರೆ ಪಕ್ಕಪಕ್ಕದ ವ್ಯತ್ಯಾಸಾನ ಕೆಳಗೆ ಬರಿಸಿ, 3, 5, 9, 17, 33 ಅಂತಿದ್ರೆ ವ್ಯತ್ಯಾಸ 2, 4, 8, 16, ಮುಂದಿಂದು 32, ಹಂಗಾಗಿ 65. ದುಪ್ಪಟ್ಟು ಮಾಡಿ 1 ಕಳೆದ್ರೂ ಅದೇ ಬರುತ್ತೆ ನೋಡಿ, ಮಕ್ಕಳಿಗೆ ಇದು ಭಾಳ ಖುಷಿ. 2, 5, 10, 17, 26 ಥರದ್ದು ವರ್ಗಕ್ಕೆ 1 ಕೂಡಿಸಿರೋದು, ಅದಕ್ಕೆ 15ರ ತನಕ ವರ್ಗ ಬಾಯಿಪಾಠ ಇರ್ಲಿ.

ಉತ್ತರ: ಒಂದರ ಮೇಲೇ ಕೂರೋಕೆ ಬಿಡ್ಬೇಡಿ. ಇಲ್ಲಿ ಪ್ರಶ್ನೆಗೆ 2 ಅಂಕ, ಲೆಕ್ಕದಲ್ಲಿ 3. ನೆಗೆಟಿವ್ ಮಾರ್ಕ್ಸ್ ಇಲ್ಲ, ಹೊಳೀದಿದ್ರೆ ಆಪ್ಷನ್ಸ್ ಒಂದೊಂದೇ ಹಾಕಿ ನೋಡ್ಲಿ, ಖಾಲಿ ಮಾತ್ರ ಬಿಡೋದ್ ಬೇಡ.