ಸಹಾಯ ಬೇಕು: ಅಪ್ಪನ ವಿಲ್, ಪ್ರೊಬೇಟ್ ವಿಷಯ

ಎಲ್ರಿಗೂ ನಮಸ್ಕಾರ, ಅಪ್ಪ ತೀರ್ಕೊಂಡು ಮೂರು ತಿಂಗಳಾಯ್ತು, ವಿಲ್‌ನಲ್ಲಿ ನನ್ನನ್ನೇ ಎಕ್ಸಿಕ್ಯೂಟರ್ (ವಿಲ್‌ನಲ್ಲಿ ಬರೆದಿರೋದನ್ನ ಜಾರಿ ಮಾಡೋ ಜವಾಬ್ದಾರಿ) ಮಾಡಿದಾರೆ, ಬದುಕಿದ್ದಾಗ ಒಂದು ಮಾತೂ ಹೇಳಿರ್ಲಿಲ್ಲ ಪುಣ್ಯಾತ್ಮ. ಪ್ರೊಬೇಟ್‌ಗೆ, ಅಂದ್ರೆ ವಿಲ್ ಸರಿ ಇದೆ ಅಂತ ಕೋರ್ಟ್ ಕೊಡೋ ದೃಢೀಕರಣಕ್ಕೆ, ಅರ್ಜಿ ಹಾಕಿದೀನಿ, ಇನ್ನೂ ಆರ್ಡರ್ ಬಂದಿಲ್ಲ, ಆದ್ರೆ ನನ್ ಪಾಲು ಈಗ್ಲೇ ಕೊಡು ಅಂತ ತಮ್ಮಂದು ದಿನಾ ಫೋನು. ಅಂತ್ಯಕ್ರಿಯೆ ಖರ್ಚು, ಸಾಲ, ಟ್ಯಾಕ್ಸು ಎಲ್ಲಾ ಮೊದ್ಲು ತೀರ್ಸಿ ಉಳಿದಿದ್ದನ್ನ ಮಾತ್ರ ಹಂಚ್ಬೇಕು, ಮುಂಚೆನೇ ಹಂಚ್ಬಿಟ್ಟು ಆಮೇಲೆ ಸಾಲ ಕೊಟ್ಟೋರು ಬಂದ್ರೆ ನಾನೇ ಕೈಯಿಂದ ಕಟ್ಬೇಕಾಗ್ಬಹುದು ಅಂತ ವಕೀಲ್ರು ಹೇಳಿದಾರೆ, ಅದನ್ನ ಇವ್ನಿಗೆ ಜಗಳ ಆಗ್ದಂಗೆ ಹೇಗೆ ಅರ್ಥ ಮಾಡ್ಸೋದು? ಇನ್ನೊಂದು, ಅಪ್ಪ ಒಬ್ಬರ ಹತ್ರ ಕೈಸಾಲ ತಗೊಂಡಿದ್ರಂತೆ, ಕಾಗದ ಪತ್ರ ಏನೂ ಇಲ್ಲ, ಬರೀ ಬಾಯಿಮಾತು. ಇಂಥದ್ದಕ್ಕೆ ಏನು ಪ್ರೂಫ್ ಕೇಳಿದ್ರಿ? ಎಸ್ಟೇಟ್ ದುಡ್ಡಿಗೆ (ತೀರ್ಕೊಂಡೋರು ಬಿಟ್ಟುಹೋದ ದುಡ್ಡಿಗೆ) ಬೇರೆ ಅಕೌಂಟ್ ತೆಗೆದಿದ್ದೋರು ಲೆಕ್ಕ ಹೇಗಿಟ್ರಿ ಅಂತಾನೂ ಹೇಳಿ ಪ್ಲೀಸ್.