ತೂಬುಗಳ ಜಿಯೋಜೇಸನ್ ಕಡತ ಕಂಪ್ಯೂಟರಿನಲ್ಲಿ ಸರಿ, ಫೋನಿನಲ್ಲಿ ತಪ್ಪು

ನಾಲೆಬದಿ, ಮಂಡ್ಯ:
ವಿಶ್ವೇಶ್ವರಯ್ಯ ನಾಲೆಯ ನಮ್ಮ ಭಾಗದ ತೂಬುಗಳನ್ನು ನೀರು ಬಿಡುವ ಸೌಡಿಗಳು ಫೋನಿನಲ್ಲೇ ನೋಡಿಕೊಳ್ಳಲೆಂದು ಒಂದು ಜಿಯೋಜೇಸನ್ ಕಡತವನ್ನು (ನಕ್ಷೆಯ ಬಿಂದುಗಳಿರುವ ಕಡತ) ಹಂಚಿದ್ದೇನೆ. ಕಂಪ್ಯೂಟರಿನ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೂಬುಗಳು ನಾಲೆಯ ಏರಿಯ ಮೇಲೆಯೇ ಕೂರುತ್ತವೆ. ಅದೇ ಕಡತವನ್ನು ಫೋನಿನಲ್ಲಿ ತೆರೆದರೆ ಗದ್ದೆಯ ನಡುವೆ ಕಾಣುತ್ತವೆ. ಯಾವ ಆ್ಯಪ್ ಹಾಕಿದರೂ ಇದೇ ಗತಿ. ನಾಲೆಗೆ ನೀರು ಬಿಡುವ ಕಾಲ ಹತ್ತಿರವಾಯಿತು, ದಯವಿಟ್ಟು ದಾರಿ ತೋರಿಸಿ.

ರೇಖಾಂಶ, ಮೈಸೂರು:
ಅಕ್ಷಾಂಶ, ರೇಖಾಂಶಗಳು ಅದಲುಬದಲಾಗಿವೆ. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು ಬರಬೇಕು, ಆದರೆ ನಕ್ಷೆಯ ದತ್ತಾಂಶ ಕೊಡುವ ಡಬ್ಲ್ಯುಎಫ್‌ಎಸ್ 1.1 ಮತ್ತು ನಂತರದ ಸರ್ವರ್‌ಗಳು ಇಪಿಎಸ್‌ಜಿ 4326ಕ್ಕೆ (ಜಿಪಿಎಸ್ ಬಳಸುವ ಅಕ್ಷಾಂಶ-ರೇಖಾಂಶ ಪದ್ಧತಿಯ ಸಂಕೇತ) ಅಕ್ಷಾಂಶವನ್ನು ಮೊದಲು ಕೊಡುತ್ತವೆ. ನೀವು ಯಾವ ಸರ್ವರ್‌ನಿಂದ ಇಳಿಸಿಕೊಂಡಿರಿ?

ನಾಲೆಬದಿ:
ಸರ್ವರ್ ಇಲ್ಲ ಸರ್. ಸಂಘದ ಕಚೇರಿಯಲ್ಲಿ ಕೊಟ್ಟ ಕಡತ.

ರೇಖಾಂಶ:
ಹಾಗಿದ್ದರೂ ಅವರು ಎಲ್ಲಿಂದಲೋ ಇಳಿಸಿಕೊಂಡಿರಬೇಕು. ಕ್ರಮವನ್ನು ಒಮ್ಮೆ ತಿರುಗಿಸಿ ನೋಡಿ.

ಭೂಪಟ, ಮೈಸೂರು:
ರೇಖಾಂಶ ಅವರೇ, ಮಂಡ್ಯದ 12.5 ಮತ್ತು 76.9 ಅದಲುಬದಲಾದರೆ ಬಿಂದು ಗದ್ದೆಗೆ ಬೀಳುವುದಿಲ್ಲ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಬೀಳುತ್ತದೆ. ನಾಲೆಬದಿ ಅವರೇ, ಯಾವ ದಿಕ್ಕಿಗೆ, ಎಷ್ಟು ದೂರ ಸರಿದಿದೆ ಎಂಬುದನ್ನು ನೀವು ಹೇಳಿಯೇ ಇಲ್ಲ.

ನಾಲೆಬದಿ:
ಎಲ್ಲವೂ ಆಗ್ನೇಯಕ್ಕೆ, ಸುಮಾರು ಇನ್ನೂರು ಮೀಟರ್. ಮೂಲ ಹಳೆಯ ಟೋಪೋಶೀಟ್, ಅಂದರೆ ಸರ್ವೇ ನಕ್ಷೆ.

ಭೂಪಟ:
ಕಾರಣ ಅದೇ. ಹಳೆಯ ಟೋಪೋಶೀಟ್‌ಗಳು ಎವರೆಸ್ಟ್ ಗೋಳಾಭವನ್ನು (ಭೂಮಿಯ ಆಕಾರದ ಹಳೆಯ ಮಾದರಿ) ಆಧರಿಸಿದವು, ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಎಂಬ ಹೊಸ ಮಾದರಿಯಲ್ಲಿ ಮಾತನಾಡುತ್ತದೆ, ಮತ್ತು ನಮ್ಮ ಸೀಮೆಯಲ್ಲಿ ಇವೆರಡರ ನಡುವಿನ ಅಂತರ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. 2008ರ ಜಿಯೋಜೇಸನ್ ವಿವರಣೆಯಲ್ಲಿ ಕಡತದೊಳಗೇ ಸಿಆರ್‌ಎಸ್ (ಅಂಕಿಗಳು ಯಾವ ನಿರ್ದೇಶಾಂಕ ಪದ್ಧತಿಯವು ಎಂಬುದು) ಬರೆಯಲು ಅವಕಾಶವಿತ್ತು, ಕ್ಯೂಜಿಐಎಸ್ ಅದನ್ನು ಈಗಲೂ ಓದುತ್ತದೆ. 2016ರ ಹೊಸ ವಿವರಣೆಯಾದ ಆರ್‌ಎಫ್‌ಸಿ 7946 ಆ ಅವಕಾಶವನ್ನು ತೆಗೆದು ಡಬ್ಲ್ಯುಜಿಎಸ್ 84 ಒಂದನ್ನೇ ಉಳಿಸಿದ್ದರಿಂದ ಫೋನಿನ ಆ್ಯಪ್‌ಗಳು ಅದರತ್ತ ನೋಡುವುದೇ ಇಲ್ಲ. ಕ್ಯೂಜಿಐಎಸ್‌ನ 'ರಿಪ್ರಾಜೆಕ್ಟ್ ಲೇಯರ್' ಬಳಸಿ ಇಪಿಎಸ್‌ಜಿ 4326ಕ್ಕೆ, ಅಂದರೆ ಡಬ್ಲ್ಯುಜಿಎಸ್ 84ಕ್ಕೆ, ಪರಿವರ್ತಿಸಿ. 'ಸೆಟ್ ಲೇಯರ್ ಸಿಆರ್‌ಎಸ್' ಬಳಸಬೇಡಿ, ಅದು ಹೆಸರನ್ನು ಬದಲಿಸುತ್ತದೆಯೇ ಹೊರತು ಅಂಕಿಗಳನ್ನಲ್ಲ.

ಕೆಎಂಎಲ್ ಬಳಕೆದಾರ, ಮದ್ದೂರು:
ನಾನು ಮೊದಲಿನಿಂದಲೂ ಕೆಎಂಎಲ್ ಎಂಬ ಬಗೆಯ ನಕ್ಷೆ ಕಡತ ಮಾತ್ರ ಹಂಚುವವನು. ಅದಕ್ಕೆ ಡಬ್ಲ್ಯುಜಿಎಸ್ 84 ಬಿಟ್ಟು ಬೇರೆ ಗೊತ್ತಿಲ್ಲ. ಅದನ್ನೇ ಬಳಸಿದ್ದರೆ ಈ ತೊಡಕು ಬರುತ್ತಿರಲಿಲ್ಲ.

ಭೂಪಟ:
ಪರಿವರ್ತಿಸದೆ ಅಂಕಿಗಳನ್ನು ಹಾಗೆಯೇ ತುಂಬಿದರೆ ಕೆಎಂಎಲ್‌ನಲ್ಲೂ ತೂಬು ಗದ್ದೆಯಲ್ಲೇ ಇರುತ್ತದೆ. ಸಿಆರ್‌ಎಸ್ ಜೊತೆಗೇ ಹೋಗಬೇಕೆಂದರೆ ಜಿಯೋಪ್ಯಾಕೇಜ್ ಎಂಬ ಬಗೆಯ ಕಡತ ಇದೆ, ಆದರೆ ಅದನ್ನು ಓದುವ ಆ್ಯಪ್ ಸೌಡಿಗಳ ಫೋನಿನಲ್ಲಿರಬೇಕು.

ನಾಲೆಬದಿ:
ಪರಿವರ್ತಿಸಿದೆ. ಮೇಲ್ಭಾಗದ ತೂಬುಗಳು ಏರಿಗೆ ಬಂದವು, ಬಹಳ ಉಪಕಾರವಾಯಿತು. ಆದರೆ ಮಳವಳ್ಳಿ ಕಡೆಯ ಕೆಲವು ಈಗ ವಾಯವ್ಯಕ್ಕೆ ಸರಿದಿವೆ. ಅವನ್ನು ಯಾರೋ ಫೋನಿನ ಜಿಪಿಎಕ್ಸ್ (ಜಿಪಿಎಸ್ ಬಿಂದುಗಳ) ಕಡತದಿಂದ ತೆಗೆದು ಈ ಕಡತಕ್ಕೆ ಸೇರಿಸಿದ್ದರಂತೆ.

ರೇಖಾಂಶ:
ಆ ಕೆಲವಕ್ಕಾದರೂ ಕ್ರಮ ತಿರುಗಿಸಿ ನೋಡಬಹುದಲ್ಲವೇ?

ಭೂಪಟ:
ಬೇಡ. ಜಿಪಿಎಕ್ಸ್ ಬಿಂದುಗಳು ಮೊದಲೇ ಡಬ್ಲ್ಯುಜಿಎಸ್ 84ರಲ್ಲಿದ್ದವು, ಪರಿವರ್ತಿಸಿದ್ದಕ್ಕೇ ಸರಿದವು. ಮೂಲ ಕಡತದಿಂದ ಅವನ್ನು ಬೇರ್ಪಡಿಸಿ, ಉಳಿದವನ್ನು ಮಾತ್ರ ಪರಿವರ್ತಿಸಿ, ಆಮೇಲೆ ಕೂಡಿಸಿ. ಯಾವುದು ಎಲ್ಲಿಂದ ಬಂತೆಂದು ತಿಳಿಸುವ ಕಾಲಂ ಇದೆಯೇ?

ನಾಲೆಬದಿ:
ಇಲ್ಲ. ತೂಬಿನ ಸಂಖ್ಯೆ ಮತ್ತು ಊರಿನ ಹೆಸರು ಮಾತ್ರ ಇವೆ.

ಭೂಪಟ:
ಹಾಗಾದರೆ ಮೂಲ ಅಂಕಿಗಳನ್ನೇ ನೋಡಬೇಕು. ಟೋಪೋಶೀಟ್‌ನಿಂದ ಕೈಯಲ್ಲಿ ತೆಗೆದವು ಸಾಮಾನ್ಯವಾಗಿ ಪೂರ್ಣ ಸೆಕೆಂಡುಗಳಿಗೆ ಸರಿಹೊಂದುತ್ತವೆ, ಫೋನಿನವು ಹೊಂದುವುದಿಲ್ಲ. ಎರಡು ಬಗೆಯವನ್ನೂ ಒಂದಷ್ಟು ಇಲ್ಲಿ ಹಾಕಿ, ನೋಡೋಣ.